ಉತ್ತರ ಕನ್ನಡದ ಕರಾವಳಿ: ಹಳೆಯ ಊರುಗಳನ್ನು ಹೊಳೆಯ ದಾರಿಯಲ್ಲಿ ಹುಡುಕಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ನಮ್ಮದೇ ಕಾರಿನಲ್ಲಿ ಉತ್ತರ ಕನ್ನಡದ ಕರಾವಳಿಗೆ ಹೋಗಬೇಕೆಂದಿದ್ದೇವೆ. ಗೋಕರ್ಣ ಮತ್ತು ಮುರ್ಡೇಶ್ವರಗಳ ದೇವರ ದರ್ಶನ ಹಿಂದೆಯೇ ಆಗಿದೆ. ಈ ಸಲ ಕೋಟೆ, ಬಸದಿ, ಹಳೆಯ ಬಂದರುಗಳನ್ನು ಮಕ್ಕಳಿಗೆ ತೋರಿಸುವ ಆಸೆ. ಜೊತೆಗೆ ಮೊಣಕಾಲು ನೋವಿರುವ ತಾಯಿಯವರೂ ಬರುತ್ತಾರೆ. ಹುಡುಕಿದಲ್ಲೆಲ್ಲ ಅವೇ ಹತ್ತು ಹೆಸರುಗಳು ಸಿಗುತ್ತವೆ. ಅವುಗಳಲ್ಲಿ ನಿಜಕ್ಕೂ ಹಳೆಯವು ಯಾವುವು, ದಾರಿ ಬಿಟ್ಟು ಹೋದರೂ ಸಾರ್ಥಕವೆನಿಸುವುವು ಯಾವುವು? ಮಿರ್ಜಾನ್ ಕೋಟೆಯನ್ನು ರಾಣಿ ಚೆನ್ನಭೈರಾದೇವಿಯೇ ಕಟ್ಟಿಸಿದಳೆಂಬುದು ನಿಜವೇ?

ಉತ್ತರ: ಕಾರವಾರದಿಂದ ಭಟ್ಕಳದವರೆಗೆ ಸುಮಾರು 140 ಕಿಲೋಮೀಟರ್ ಉದ್ದದ ಈ ಕರಾವಳಿಯನ್ನು ಇಂದು ನಾವೆಲ್ಲ ರಾಷ್ಟ್ರೀಯ ಹೆದ್ದಾರಿ 66ರ ಮೇಲಿಂದಲೇ ನೋಡುತ್ತೇವೆ. ಹೀಗಾಗಿ ಹೆದ್ದಾರಿಗೆ ಹತ್ತಿರವಿರುವುದು ಪ್ರಸಿದ್ಧವಾಗಿದೆ, ದೂರವಿರುವುದು ಮರೆಯಾಗಿದೆ. ಆದರೆ ಇಲ್ಲಿನ ಹಳೆಯ ಊರುಗಳು ಹುಟ್ಟಿದ್ದು ಬೇರೊಂದು ದಾರಿಯ ಮೇಲೆ. ಸೇತುವೆಗಳಿಲ್ಲದ ಕಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ದಕ್ಷಿಣೋತ್ತರ ಪ್ರಯಾಣಕ್ಕೆ ಅಡ್ಡಿಯಾಗಿದ್ದರೆ, ಘಟ್ಟದ ಕಡೆಗೆ ಹೋಗುವವರಿಗೆ ಅವೇ ರಾಜಮಾರ್ಗಗಳಾಗಿದ್ದವು. ಘಟ್ಟದ ಮೇಲಿನ ಕಾಳುಮೆಣಸು ಎತ್ತು ಮತ್ತು ತಲೆಹೊರೆಗಳಲ್ಲಿ ಇಳಿದು, ಹೊಳೆಯಲ್ಲಿ ದೋಣಿ ತೇಲುವ ಮೊದಲ ಜಾಗಕ್ಕೆ ಬರುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಅಳಿವೆಗೆ, ಅಳಿವೆಯಿಂದ ಹಡಗಿಗೆ. ಆದ್ದರಿಂದ ಪ್ರತಿ ಹೊಳೆಗೂ ಎರಡು ಊರುಗಳಿರಬೇಕೆಂದು ಊಹಿಸಿಕೊಳ್ಳಿ: ಸಮುದ್ರದ ಬಳಿ ಒಂದು, ಒಳನಾಡಿನಲ್ಲಿ ಇನ್ನೊಂದು. ನೀವು ಹುಡುಕುತ್ತಿರುವ ಇತಿಹಾಸದ ಹೆಚ್ಚಿನ ಪಾಲು ಈ ಒಳನಾಡಿನ ಊರುಗಳಲ್ಲಿದೆ, ಮತ್ತು ಪ್ರವಾಸಿಗರು ಸಾಮಾನ್ಯವಾಗಿ ಹೋಗದಿರುವುದೂ ಅಲ್ಲಿಗೇ.

ಹೊನ್ನಾವರದಲ್ಲಿ ಮೂರು ರಾತ್ರಿ ಉಳಿಯುವುದು ಒಳ್ಳೆಯದು. ಉತ್ತರಕ್ಕೆ ಮಿರ್ಜಾನ್, ದಕ್ಷಿಣಕ್ಕೆ ಭಟ್ಕಳ, ಪೂರ್ವಕ್ಕೆ ಗೇರುಸೊಪ್ಪೆ ಮೂರೂ ಅಲ್ಲಿಂದ ಒಂದು ಗಂಟೆಯ ಆಸುಪಾಸಿನ ದಾರಿ. ದಿನಕ್ಕೊಂದು ಕೋಣೆ ಬದಲಾಯಿಸುವ ತೊಂದರೆ ತಪ್ಪಿದರೆ ತಾಯಿಯವರಿಗೂ ಅನುಕೂಲ.

ನಿಮ್ಮ ಪ್ರವಾಸದಲ್ಲಿ ಒಂದೇ ಒಂದು ಜಾಗಕ್ಕೆ ಪೂರ್ತಿ ಅರ್ಧ ದಿನ ಕೊಡಬೇಕೆಂದಿದ್ದರೆ ಅದನ್ನು ಗೇರುಸೊಪ್ಪೆಗೆ ಕೊಡಿ. ಹೊನ್ನಾವರದಿಂದ ಜೋಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಶರಾವತಿಯ ದಡ ಹಿಡಿದು ಸುಮಾರು 30 ಕಿಲೋಮೀಟರ್ ಹೋದರೆ ಈ ಊರು ಬರುತ್ತದೆ. ಜೋಗಕ್ಕೆ ಹೋಗುವವರೆಲ್ಲ ಇಲ್ಲಿ ಚಹಾ ಕುಡಿದು ಘಟ್ಟ ಹತ್ತುತ್ತಾರೆ. ಹೊಳೆ ದಾಟಿ ಆಚೆಯ ನಗರಬಸ್ತಿಕೇರಿಗೆ ಹೋಗುವವರು ಕಡಿಮೆ. ಆ ಕಾಡಿನೊಳಗೆ 15 ಮತ್ತು 16ನೇ ಶತಮಾನಗಳಲ್ಲಿ ಕರಾವಳಿಯ ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದಿದ್ದ ಸಾಳುವ ಅರಸುಮನೆತನದ ರಾಜಧಾನಿಯಿತ್ತು. ಈಗ ಉಳಿದಿರುವುದು ಕೆಲವು ಬಸದಿಗಳು, ಶಾಸನಕಲ್ಲುಗಳು ಮತ್ತು ಮರದ ಬೇರುಗಳ ನಡುವೆ ಅಲ್ಲಲ್ಲಿ ಇಣುಕುವ ತಳಪಾಯಗಳು.

ಅವುಗಳಲ್ಲಿ ಮುಖ್ಯವಾದದ್ದು ಚತುರ್ಮುಖ ಬಸದಿ. ನಾಲ್ಕೂ ದಿಕ್ಕಿಗೆ ಬಾಗಿಲು, ಗರ್ಭಗುಡಿಯಲ್ಲಿ ನಾಲ್ಕೂ ದಿಕ್ಕಿಗೆ ಮುಖಮಾಡಿ ಕುಳಿತ ತೀರ್ಥಂಕರರು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಮೂರ್ತಿಯೇ ಕಾಣುತ್ತದೆ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಈ ವಿನ್ಯಾಸ ಪರಿಚಿತ. ಕಾರ್ಕಳದ್ದು ಪೇಟೆಯ ಪಕ್ಕದ ಬಂಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದ್ದರೆ, ಇದು ಸುತ್ತಲಿನ ಊರನ್ನು ಕಳೆದುಕೊಂಡು ಕಾಡಿನಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಗೇರುಸೊಪ್ಪೆಯದೇ ಹೆಚ್ಚು ಕಾಡುವ ಕಟ್ಟಡ. ಇಷ್ಟು ದೊಡ್ಡ ಕಲ್ಲಿನ ಕೆಲಸಕ್ಕೆ ಹಣ ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ, ಬರುವ ದಾರಿಯುದ್ದಕ್ಕೂ ಅಡಕೆ ಮರಗಳಿಗೆ ಹಬ್ಬಿರುವ ಮೆಣಸಿನ ಬಳ್ಳಿಗಳನ್ನು ತೋರಿಸಿ. ಹತ್ತಿರದಲ್ಲೇ ಇರುವ ಜೈನರ ಯಕ್ಷಿ ಜ್ವಾಲಾಮಾಲಿನಿಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಆದ್ದರಿಂದ ಸ್ಥಳದಲ್ಲಿ ಮಾತಾಡಲು ಯಾರಾದರೂ ಸಿಗುತ್ತಾರೆ.

ಈ ಊರು ಹಾಳಾದ ಸ್ವಲ್ಪವೇ ಕಾಲದ ನಂತರ ಅದನ್ನು ಕಣ್ಣಾರೆ ಕಂಡು ಬರೆದವನೊಬ್ಬನಿದ್ದಾನೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ. ಹೊಳೆಯ ಚೆಲುವನ್ನು ಅವನು ಮನಸಾರೆ ಹೊಗಳಿದ್ದಾನೆ. ಒಂದು ಕಾಲದ ರಾಣಿಯ ರಾಜಧಾನಿ ಆಗಲೇ ಪಾಳುಬಿದ್ದು ಮರಗಿಡ ಬೆಳೆದಿತ್ತೆಂದೂ ಬರೆದಿದ್ದಾನೆ. ರಾಣಿ ಪರಸ್ಥಳದ ಒಬ್ಬನನ್ನು ನಂಬಿ ರಾಜ್ಯ ಕಳೆದುಕೊಂಡಳೆಂಬ ಕಥೆಯೊಂದನ್ನೂ ಅವನು ಹೇಳುತ್ತಾನೆ. ಆ ಕಥೆಯನ್ನು ಎಚ್ಚರದಿಂದ ಓದಬೇಕು. ಅವಳ ರಾಜ್ಯವನ್ನು ನುಂಗಿದ ಇಕ್ಕೇರಿಯ ಅರಸನ ಪರಿವಾರದೊಡನೆ ಪ್ರಯಾಣ ಮಾಡುತ್ತಿದ್ದವನು ಕೇಳಿದ ಮಾತು ಅದು, ಗೆದ್ದವರ ಬಾಯಿಂದ ಸೋತ ಹೆಂಗಸಿನ ಬಗ್ಗೆ ಬಂದದ್ದು. ದೆಲ್ಲಾ ವಾಲ್ಲೆಯ ದೋಣಿ ಗೇರುಸೊಪ್ಪೆಯವರೆಗೆ ಬರಲು ಆದದ್ದು ಹೊಳೆ ಅಲ್ಲಿಯವರೆಗೆ ಸಮತಟ್ಟಾಗಿ ಹರಿಯುತ್ತಿದ್ದುದರಿಂದ. ಅಲ್ಲಿಂದ ಮೇಲೆ ಘಟ್ಟದ ಕಲ್ಲುಬಂಡೆಗಳು. ಈಗ ಅದೇ ತಾಣದಲ್ಲಿ, ಮೇಲಿನ ವಿದ್ಯುದಾಗಾರದಿಂದ ಹೊರಬಿದ್ದ ನೀರನ್ನು ತಡೆದು ನಿಲ್ಲಿಸುವ ಶರಾವತಿ ಟೇಲ್‌ರೇಸ್ ಅಣೆಕಟ್ಟು ನಿಂತಿದೆ. ಊರು ಯಾಕೆ ಅಲ್ಲೇ ಬೆಳೆಯಿತೆಂಬುದನ್ನು ಆ ಜಾಗದಲ್ಲಿ ನಿಂತು ವಿವರಿಸುವುದು ಸುಲಭ.

ಈಗ ಮಿರ್ಜಾನಿನ ಮಾತು. ಕುಮಟೆಯಿಂದ ಉತ್ತರಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗಿರುವ ಈ ಚಿರೆಕಲ್ಲಿನ ಕೋಟೆ ಹತ್ತು ಎಕರೆಯಷ್ಟು ಜಾಗದಲ್ಲಿದೆ. ಚೆನ್ನಭೈರಾದೇವಿ 16ನೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ್ದು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದದ್ದು, ಅವಳ ಮೆಣಸು ಹೊರಹೋಗುತ್ತಿದ್ದ ಬಂದರುಗಳಲ್ಲಿ ಮಿರ್ಜಾನೂ ಒಂದಾಗಿದ್ದದ್ದು, ಇವೆಲ್ಲ ಗಟ್ಟಿಯಾದ ಸಂಗತಿಗಳು. ವೆನಿಸಿನ ವ್ಯಾಪಾರಿ ಸೆಸಾರೆ ಫೆದೆರಿಚಿ 1567ರಲ್ಲಿ ವಿಜಯನಗರದಿಂದ ಕಡಲಿಗೆ ಇಳಿದು ಬಂದಾಗ ಅಂಕೋಲೆಯನ್ನು ಗೇರುಸೊಪ್ಪೆಯ ರಾಣಿಯ ಊರೆಂದೇ ಗುರುತಿಸಿದ್ದಾನೆ. ಅಂದರೆ ಮಿರ್ಜಾನಿನ ಆಚೀಚೆಯ ತೀರವೆಲ್ಲ ಅವಳ ಕೈಯಲ್ಲಿತ್ತು. ಆದರೆ ಒಂದು ಬಂದರನ್ನು ಆಳುವುದೂ ಈಗ ಕಣ್ಣೆದುರಿಗಿರುವ ಗೋಡೆಯನ್ನು ಕಟ್ಟಿಸುವುದೂ ಬೇರೆ ಬೇರೆ ಪ್ರಶ್ನೆಗಳು. ಇದೇ ಕೋಟೆಯನ್ನು ಬಿಜಾಪುರದ ಆದಿಲ್‌ಶಾಹಿಗಳ ಅಧಿಕಾರಿ ಷರೀಫ್ ಉಲ್ ಮುಲ್ಕ್ ಕಟ್ಟಿಸಿದನೆಂಬ ಇನ್ನೊಂದು ಹೇಳಿಕೆಯೂ ಇದೆ. ಬಿಜಾಪುರದವರು, ಕೆಳದಿಯವರು (ಮೇಲೆ ಹೇಳಿದ ಇಕ್ಕೇರಿಯ ಅರಸರ ಮನೆತನವೇ ಇದು), ಆಮೇಲೆ ಹೈದರ್ ಮತ್ತು ಟಿಪ್ಪು ಒಬ್ಬರಾದ ಮೇಲೊಬ್ಬರು ಆಳಿದ ಸೀಮೆಯಿದು. ಆಯಕಟ್ಟಿನ ಕೋಟೆಯನ್ನು ಹಿಡಿದವರು ಅದನ್ನು ಇದ್ದಂತೆ ಬಿಡುವುದಿಲ್ಲ. ಉತ್ಖನನದಲ್ಲಿ ಸಿಕ್ಕ ಚೀನೀ ಪಿಂಗಾಣಿಯ ಚೂರುಗಳು, ಪೋರ್ಚುಗೀಸ್ ನಾಣ್ಯ, ಫಿರಂಗಿಯ ಗುಂಡುಗಳು ಕೂಡ ಒಂದೇ ಕಾಲಕ್ಕೆ ಸೇರಿದವಲ್ಲ. ರಾಣಿಯ ಕಾಲದ ನೆಲೆಯ ಮೇಲೆ ಹಲವರ ಕೈ ಬಿದ್ದ ಕೋಟೆಯಿದು ಎಂದು ಮಕ್ಕಳಿಗೆ ಹೇಳಿದರೆ ಅದೇ ಹೆಚ್ಚು ಪ್ರಾಮಾಣಿಕವಾದ ಉತ್ತರವಾಗುತ್ತದೆ.

ನೋಡುವಾಗ ಜೋಡಿ ಗೋಡೆಗಳ ನಡುವಿನ ಅಂತರ, ಸುತ್ತಲಿನ ಕಂದಕ, ಮೆಟ್ಟಿಲಿಳಿದು ನೀರಿಗೆ ಹೋಗುವ ಬಾವಿಗಳು, ದುಂಡನೆಯ ಕೊತ್ತಲಗಳು ಇವುಗಳತ್ತ ಗಮನ ಕೊಡಿ. ಬಾಗಿಲ ಬಳಿಯ ಕೆಲವು ಮೆಟ್ಟಿಲು ದಾಟಿದರೆ ಒಳಗೆ ಬಹುಪಾಲು ಹುಲ್ಲುಹಾಸಿನ ಸಮತಟ್ಟು ನೆಲ. ನಿಮ್ಮ ತಾಯಿಯವರು ಮರದ ನೆರಳಿನಲ್ಲಿ ಕುಳಿತುಕೊಳ್ಳಬಹುದು. ಮಕ್ಕಳನ್ನು ಮಾತ್ರ ಗೋಡೆಯ ಅಂಚಿಗೆ ಬಿಡಬೇಡಿ. ಅನೇಕ ಕಡೆ ಕೈಹಿಡಿಯಿಲ್ಲ, ಪಾಚಿ ಒಣಗಿದ ಚಿರೆಕಲ್ಲು ಜಾರುತ್ತದೆ. ಮೊದಲ ದಿನ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಇಳಿದು ಅಂಕೋಲೆಯಲ್ಲಿ ಊಟ ಮುಗಿಸಿ ಹೊನ್ನಾವರದತ್ತ ಹೋಗುವಾಗ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಮಿರ್ಜಾನ್ ತಲುಪಿದರೆ ಬಿಸಿಲೂ ಇಳಿದಿರುತ್ತದೆ, ಕೆಂಪು ಕಲ್ಲಿನ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಹೊನ್ನಾವರದ ಪೇಟೆಯಲ್ಲಿ ಹಳೆಯ ಕಟ್ಟಡಗಳನ್ನು ಹುಡುಕುತ್ತಾ ಹೊರಟರೆ ನಿರಾಶೆಯಾಗುತ್ತದೆ, ಅದಕ್ಕೆ ಕಾರಣವೂ ಇದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದವೆಂದೂ ಹುಡುಗಿಯರಿಗಾಗಿ ಇಷ್ಟು ಶಾಲೆಗಳನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದೂ ಬರೆದ ಊರಿದು. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ಮಂಗಳೂರು ಒಪ್ಪಂದದಂತೆ ಊರು ಮರಳಿ ಕೈಗೆ ಬಂದಾಗ ಟಿಪ್ಪು ಅದನ್ನು ನೆಲಸಮ ಮಾಡಿಸಿದನೆಂದು 1801ರಲ್ಲಿ ಈ ದಾರಿಯಲ್ಲಿ ಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಶಾಲೆಗಳ ಸಂಗತಿಯನ್ನು ಮಕ್ಕಳಿಗೆ ಅಳಿವೆಯ ದಡದಲ್ಲಿ ಹೇಳಿ. ಹೊನ್ನಾವರದ ಪಕ್ಕದ ಕಾಸರಕೋಡಿನ (ಕೇರಳದ್ದಲ್ಲ) ಬೀಚು 2020ರಲ್ಲಿ, ಸ್ವಚ್ಛ ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಧ್ವಜದ ಅಂತರರಾಷ್ಟ್ರೀಯ ಮಾನ್ಯತೆ ಪಡೆದದ್ದು, ಅಲ್ಲಿ ಅವರಿಗೆ ಆಟವೂ ಆಗುತ್ತದೆ. ಎದುರಿನ ಸಮುದ್ರದಲ್ಲಿ ಕಾಣುವ ಬಸವರಾಜದುರ್ಗ ಕೆಳದಿಯವರ ಕಾಲದ ಕೋಟೆಯಿರುವ ದ್ವೀಪ. ತಾಯಿಯವರನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ಯುವ ಸಾಹಸ ಬೇಡ, ದಡದಿಂದ ನೋಡಿದರೆ ಸಾಕು.

ಭಟ್ಕಳದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮುರ್ಡೇಶ್ವರಕ್ಕೆ ಬರುವ ಲಕ್ಷಾಂತರ ಜನರಲ್ಲಿ ಬಹುಮಂದಿ ಅಲ್ಲಿಂದ 15 ಕಿಲೋಮೀಟರ್ ಮುಂದೆ ಹೋಗುವುದಿಲ್ಲ. ವಿಜಯನಗರಕ್ಕೆ ಅರಬಸ್ತಾನದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದು ಮುಖ್ಯವಾದದ್ದು. ಕುದುರೆ, ಮೆಣಸು, ಅಕ್ಕಿ, ಸಕ್ಕರೆಗಳ ವ್ಯಾಪಾರದಿಂದ ಬಂದ ಹಣವನ್ನು 16ನೇ ಶತಮಾನದ ವರ್ತಕರೂ ನಾಯಕರೂ ಗುಡಿ ಬಸದಿಗಳಿಗೆ ಸುರಿದರು. ಕೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಶಾಂತಪ್ಪ ನಾಯಕನ ತಿರುಮಲ ದೇವಸ್ಥಾನ ಎಂಬ ಹೆಸರುಗಳಲ್ಲಿ ಕಟ್ಟಿಸಿದವರೇ ಉಳಿದುಕೊಂಡಿದ್ದಾರೆ. ಅರಸರ ಹೆಸರಿಲ್ಲದೆ ಊರಿನ ಸಿರಿವಂತರ ಹೆಸರಿನಲ್ಲಿ ಇಷ್ಟೊಂದು ಕಲ್ಲಿನ ಗುಡಿಗಳು ಒಂದೇ ಊರಿನಲ್ಲಿರುವುದು ನಮ್ಮ ನಾಡಿನಲ್ಲಿ ಅಪರೂಪ.

ಈ ಕಟ್ಟಡಗಳ ಮಾಡನ್ನು ಮೊದಲು ನೋಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಬಯಲುಸೀಮೆಯ ಚಪ್ಪಟೆ ಮಾಳಿಗೆ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿನ ಶಿಲ್ಪಿಗಳು ಉದ್ದುದ್ದನೆಯ ಕಲ್ಲುಚಪ್ಪಡಿಗಳನ್ನು ಹೆಂಚು ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದರು. ಗಾಳಿ ಬರಬೇಕು, ಮಳೆಯ ಇರಿಚಲು ಬರಬಾರದೆಂದು ಮರದ ಜಾಲರಿಗಳನ್ನೇ ಕಲ್ಲಿನಲ್ಲಿ ಕಡೆದು ಗೋಡೆಗೆ ಕೂರಿಸಿದರು. ಹಂಪಿಯ ಸಾಮ್ರಾಜ್ಯದ ಕಾಲದವೇ ಆದರೂ ಈ ಗುಡಿಗಳು ಹಂಪಿಯಂತೆ ಕಾಣುವುದಿಲ್ಲ. ಕೇತಪೈ ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು ಸಾಲಾಗಿ ಕಡೆಯಲ್ಪಟ್ಟಿವೆ. ಕಥೆ ಗೊತ್ತಿರುವ ಮಕ್ಕಳಿಗೆ ಅವುಗಳನ್ನು ಗುರುತಿಸುತ್ತ ಪ್ರದಕ್ಷಿಣೆ ಬರುವುದರಲ್ಲಿ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಚಂದ್ರನಾಥೇಶ್ವರ ಬಸದಿ ಪೇಟೆಯ ನಡುವೆಯೇ ಇದ್ದು ಮುಂದೆ ಮಾನಸ್ತಂಭವಿದೆ. ಕೆಲವು ಗುಡಿಗಳು ದಿನದ ಬಹುಹೊತ್ತು ಬೀಗ ಹಾಕಿರುತ್ತವೆ. ಪಕ್ಕದ ಮನೆಯಲ್ಲಿ ಕೇಳಿದರೆ ಬೀಗದ ಕೈ ಯಾರ ಬಳಿಯಿದೆಯೆಂದು ಹೇಳುತ್ತಾರೆ. ಬೆಳಿಗ್ಗೆ ಪೂಜೆಯ ಹೊತ್ತಿಗೇ ಹೋಗುವುದು ಇನ್ನೂ ಉತ್ತಮ.

ಭಟ್ಕಳಕ್ಕೂ ಒಳನಾಡಿನಲ್ಲಿ ಒಂದು ಜೊತೆಯೂರಿದೆ. ಪೂರ್ವಕ್ಕೆ 20 ಕಿಲೋಮೀಟರಿನೊಳಗೆ ಸಿಗುವ ಹಾಡುವಳ್ಳಿ, ಹಿಂದಿನ ಸಂಗೀತಪುರ, ಸಾಳುವರ ಇನ್ನೊಂದು ನೆಲೆ ಮತ್ತು ಜೈನ ವಿದ್ವತ್ತಿನ ಕೇಂದ್ರ. ಕನ್ನಡ ಭಾಷೆಗೆ ಸಂಸ್ಕೃತದ ಸೂತ್ರಗಳಲ್ಲಿ ಸಮಗ್ರ ವ್ಯಾಕರಣ ಬರೆದು 1604ರಲ್ಲಿ ಮುಗಿಸಿದ ಭಟ್ಟಾಕಳಂಕ ಇಲ್ಲಿನ ಮಠದ ಪರಂಪರೆಯವನು. ಗದ್ದೆ ತೋಟಗಳ ನಡುವಿನ ಈಗಿನ ಹಳ್ಳಿಯನ್ನು ನೋಡಿದರೆ ಇದನ್ನು ನಂಬುವುದು ಕಷ್ಟ. ಆದರೆ ಉಳಿದಿರುವ ಬಸದಿ ಮತ್ತು ಅದರ ಸೊಗಸಾದ ಜಿನಮೂರ್ತಿಗಳು ಸಾಕ್ಷಿ ಹೇಳುತ್ತವೆ. ಕನ್ನಡ ಓದುವವರು ಭಟ್ಕಳದವರೆಗೆ ಬಂದು ಇಲ್ಲಿಗೆ ಹೋಗದೆ ಹಿಂದಿರುಗುವುದು ನನಗೆ ಸರಿಯೆನಿಸುವುದಿಲ್ಲ.

ಮುರ್ಡೇಶ್ವರವನ್ನು ನೀವು ನೋಡಿದ್ದೀರಿ. 123 ಅಡಿಯ ಶಿವನ ಮೂರ್ತಿಯಾಗಲಿ 237 ಅಡಿಯ ರಾಜಗೋಪುರವಾಗಲಿ ನಮ್ಮ ಕಾಲದಲ್ಲಿ ಎದ್ದು ನಿಂತವು. ಕ್ಷೇತ್ರ ಹಳೆಯದು, ಈಗಿನ ನೋಟ ಹೊಸದು. ಡಿಸೆಂಬರ್ ಶಾಲಾ ಪ್ರವಾಸಗಳ ತಿಂಗಳಾದ್ದರಿಂದ ಅಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದು ಕಷ್ಟ. ಭಟ್ಕಳದಿಂದ ಮರಳುವಾಗ ಮಕ್ಕಳು ಹಟ ಹಿಡಿದರಷ್ಟೇ ಒಳಕ್ಕೆ ತಿರುಗಿ.

ನಾಲ್ಕನೆಯ ದಿನಕ್ಕೆ ಎರಡು ಆಯ್ಕೆಗಳಿವೆ. ಒಂದು ಅಘನಾಶಿನಿಯ ಅಳಿವೆ. ಗೋಕರ್ಣದಲ್ಲಿ ದೇವರ ದರ್ಶನ ಆಗಿದೆಯೆಂದಿದ್ದೀರಿ. ಕಾಳಿದಾಸನ ಕಾವ್ಯದಲ್ಲೇ ಹೆಸರು ಬರುವಷ್ಟು ಹಳೆಯ ಆ ಕ್ಷೇತ್ರದಲ್ಲಿ ಕೋಟಿತೀರ್ಥದ ಸುತ್ತಲಿನ ಕೇರಿಗಳನ್ನು ಬೆಳಗಿನ ಹೊತ್ತು ಒಮ್ಮೆ ಸುತ್ತಿ, ಅಲ್ಲಿಂದ ಸಾಣಿಕಟ್ಟೆಯ ಉಪ್ಪಿನಾಗರಕ್ಕೂ ತದಡಿಯ ಬಂದರಿಗೂ ಹೋಗಬಹುದು. ಉಪ್ಪು ತೆಗೆಯುವುದು ಬೇಸಿಗೆಯಲ್ಲಾದ್ದರಿಂದ ಡಿಸೆಂಬರಿನಲ್ಲಿ ಬಿಳಿ ರಾಶಿಗಳ ಬದಲು ನೀರು ತುಂಬಿದ ಮಡಿಗಳು ಕಾಣುತ್ತವೆ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಬಂದಿದೆ. ಉಪ್ಪುನೀರನ್ನು ತಡೆದು ನಿಲ್ಲುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಚಿಪ್ಪುಮೀನು ಆರಿಸುವ ಹೆಂಗಸರೂ ಇಲ್ಲಿ ಕಾಣಸಿಗುತ್ತಾರೆ. ಕೋಟೆಗಳಷ್ಟೇ ಹಳೆಯ ಬದುಕು ಇದು, ಫಲಕ ಮಾತ್ರ ಇಲ್ಲ. 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಕಥೆಯನ್ನು ಹೇಳಲು ಈ ಮಡಿಗಳ ಬದುವಿಗಿಂತ ಒಳ್ಳೆಯ ಜಾಗವಿಲ್ಲ. ಅಂಕೋಲೆಯ ರೈತರು ಮುಂದೆ ಕರನಿರಾಕರಣೆಗೂ ಇಳಿದು ಜಮೀನು ಕಳೆದುಕೊಂಡರು.

ಇನ್ನೊಂದು ಆಯ್ಕೆ ಕಾರವಾರ. ಇಲ್ಲಿ ಕಣ್ಣಿಗೆ ಕಾಣುವ ಹಳೆಯದು ಕಡಿಮೆ. ಕಾಳಿಯ ಆಚೆ ದಡದ ಗುಡ್ಡದ ಮೇಲೆ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡವಿದೆ. ಹೆದ್ದಾರಿ ಅದನ್ನು ಸೀಳಿಕೊಂಡೇ ಹೋಗುತ್ತದೆ. 1638ರಲ್ಲಿ ಇಲ್ಲಿ ಕೋಠಿ ತೆರೆದ ಇಂಗ್ಲಿಷರಿಂದ 1665ರಲ್ಲಿ ಶಿವಾಜಿ ಕಪ್ಪ ವಸೂಲು ಮಾಡಿದ ಪ್ರಸಂಗ ಓದಲು ಚೆನ್ನ, ನೋಡಲು ಏನೂ ಉಳಿದಿಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ರವೀಂದ್ರನಾಥ ಟಾಗೋರರು ಬಂದಿದ್ದರೆಂಬ ನೆನಪಿಗೆ ಕಡಲತೀರಕ್ಕೆ ಅವರ ಹೆಸರಿದೆ. ಕಾಳಿಯಲ್ಲಿ ಬೆಳದಿಂಗಳ ದೋಣಿ ಪ್ರಯಾಣವನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅದೇ ತೀರದಲ್ಲಿರುವ ಚಪಲ್ ಯುದ್ಧನೌಕೆಯ ಸಂಗ್ರಹಾಲಯದೊಳಕ್ಕೆ ಮಕ್ಕಳು ಹೊಕ್ಕರೆ ಹೊರಬರುವುದಿಲ್ಲ, ಆದರೆ ನೌಕೆಯ ಕಡಿದಾದ ಏಣಿಗಳು ತಾಯಿಯವರಿಗೆ ಆಗದು. ಮಕ್ಕಳ ಮಾತಿಗೆ ಬೆಲೆ ಕೊಡುವುದಾದರೆ ಕಾರವಾರ, ನಿಮ್ಮ ಪ್ರಶ್ನೆಯ ಧಾಟಿಗೆ ಹೊಂದುವುದು ಅಘನಾಶಿನಿ. ಎರಡನ್ನೂ ಒಂದೇ ದಿನ ಮುಗಿಸಿ ರಾತ್ರಿಯೊಳಗೆ ಹುಬ್ಬಳ್ಳಿ ಸೇರುವ ಯೋಚನೆ ಮಾಡಬೇಡಿ.

ಬನವಾಸಿ, ಸೋಂದೆ, ಯಾಣಗಳನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. ಮೂರೂ ಇದೇ ಜಿಲ್ಲೆಯವಾದರೂ ಬನವಾಸಿ ಮತ್ತು ಸೋಂದೆ ಘಟ್ಟದ ಮೇಲಿನ ಕಥೆ. ಹುಬ್ಬಳ್ಳಿಯಿಂದ ಶಿರಸಿಯಲ್ಲಿ ಉಳಿದು ಬೇರೆಯಾಗಿ ಎರಡು ದಿನ ಕೊಡಬೇಕಾದವು. ಯಾಣದ ಕಲ್ಲುಶಿಖರಗಳು ಪ್ರಕೃತಿಯ ಕೆಲಸ, ಅಲ್ಲಿನ ಮೆಟ್ಟಿಲು ಮೊಣಕಾಲು ನೋವಿಗೆ ತಕ್ಕುದಲ್ಲ. ಮರಳುವಾಗ ಕುಮಟೆಯಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದ ರಸ್ತೆ ಕಾಮಗಾರಿಗಾಗಿ ಆಗಾಗ ಮುಚ್ಚುತ್ತಿರುತ್ತದೆ. ತೆರೆದಿದೆಯೇ ಎಂದು ಕುಮಟೆಯಲ್ಲಿ ವಿಚಾರಿಸಿಕೊಳ್ಳಿ, ಇಲ್ಲದಿದ್ದರೆ ಬಂದ ಅರಬೈಲಿನ ದಾರಿಯೇ ಇದೆ. ಡಿಸೆಂಬರನ್ನು ಆರಿಸಿದ್ದು ಒಳ್ಳೆಯದಾಯಿತು. 2024ರ ಜುಲೈನಲ್ಲಿ ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದ ಮೇಲೆ, ಮಳೆಗಾಲದಲ್ಲಿ ಈ ಹೆದ್ದಾರಿಯಲ್ಲಿ ಪ್ರವಾಸ ಹೋಗಬಹುದೇ ಎಂದು ಕೇಳಿದವರಿಗೆಲ್ಲ ನಾನು ಬೇಡವೆಂದೇ ಹೇಳುತ್ತಿದ್ದೇನೆ.